ಕಿವಿಯ ಮುಂದಿನ ಗಂಟು

ನಮ್ಮ ಯಜಮಾನರ ಎಡಗಿವಿಯ ಮುಂದೆ ಒಂದು ಗಂಟು ಎದ್ದದ್ದು ನನಗೆ ಗೊತ್ತಾಗುವ ಮೊದಲೇ ಶಿರಸಿ ಪೇಟೆಯ ಅರ್ಧ ಜನಕ್ಕೆ ಗೊತ್ತಾಗಿತ್ತು. ಕ್ಷೌರದವನು ನೋಡಿದ್ದ, ಅಂಗಡಿಗೆ ಬರುವವರು ನೋಡಿದ್ದರು, ಎದುರು ಮನೆಯ ಅಜ್ಜಿ ನೋಡಿ ಔಷಧಿಯನ್ನೂ ಹೇಳಿಯಾಗಿತ್ತು. ಗಂಡನ ಮುಖವನ್ನು ಹಗಲು ಹೊತ್ತಿನಲ್ಲಿ ನೆಟ್ಟಗೆ ನೋಡುವ ಸೊಸೆಗೆ ಆಗ ಒಳ್ಳೆಯ ಹೆಸರಿರಲಿಲ್ಲ. ಹಾಗಾಗಿ ಆ ಮುಖದ ಸುದ್ದಿ ಎಲ್ಲರಿಗಿಂತ ಕೊನೆಗೆ ತಲುಪಿದ್ದು ನನಗೆ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳವು. ನಮ್ಮದು ಬನವಾಸಿ ಕಡೆಯ ಹಳ್ಳಿಯ ಲಿಂಗವಂತರ ಮನೆತನ. ಮಾವನವರು ಹರೆಯದಲ್ಲೇ ಶಿರಸಿಗೆ ಬಂದು ಅಡಿಕೆ ದಲಾಲಿ ಅಂಗಡಿ ಇಟ್ಟಿದ್ದರು. ಹಳ್ಳಿಯಲ್ಲಿ ಒಂದಿಷ್ಟು ಗದ್ದೆ, ಗದ್ದೆಯ ಅಂಚಿಗೆ ಹಿರಿಯರ ಸಮಾಧಿಗಳು, ಇಷ್ಟೇ ಉಳಿದಿದ್ದವು. ಶಿರಸಿಯ ಮನೆಯಲ್ಲಿ ಮಾವ, ಅತ್ತೆ, ಅವರ ಒಬ್ಬನೇ ಮಗ ಮತ್ತು ನಾನು. ಅಡಿಕೆಯಿಂದಲೇ ಹೊಟ್ಟೆ ಹೊರೆಯುವ ಆ ಮನೆಯಲ್ಲಿ ಅಡಿಕೆ ಜಗಿಯದ ಒಂದೇ ಪ್ರಾಣಿ ಎಂದರೆ ನಮ್ಮ ಯಜಮಾನರು. ಆದರೂ ಗಂಟು ಕಂಡವರೆಲ್ಲ ಅವರಿಗೆ ಹೇಳಿದ್ದು ಒಂದೇ ಮಾತು, ಎಲೆಯಡಿಕೆಯ ಕವಳ ಬಿಡಿ ಎಂದು. ತಿನ್ನದ್ದನ್ನು ಬಿಡುವುದು ಹೇಗೆಂದು ಅವರು ನಗುತ್ತಿದ್ದರು.

ಮೊದಲು ಅದನ್ನು ಮಂಗಬಾವು ಎಂದರು. ಮಂಗಬಾವು ಮಕ್ಕಳಿಗೆ ಬರುವುದು, ಬಂದರೆ ವಾರದಲ್ಲಿ ಇಳಿಯುವುದು. ಇದು ಇಳಿಯಲಿಲ್ಲ. ಸಿದ್ದಾಪುರದ ಆಚೆ ಒಬ್ಬರು ಸೊಪ್ಪಿನ ಲೇಪ ಕೊಡುತ್ತಾರೆಂದು ಯಾರೋ ಹೇಳಿ, ಮಾವನವರು ಹೋಗಿ ತಂದರು. ಕೆನ್ನೆಗೆ ಹಸಿರು ಮೆತ್ತಿಕೊಂಡು ಯಜಮಾನರು ಗದ್ದುಗೆಯ ಮೇಲೆ ಕೂತು ವ್ಯಾಪಾರ ಮಾಡಿದರು. ಲೇಪ ಒಣಗಿ ಉದುರಿತು, ಗಂಟು ಮಾತ್ರ ಇದ್ದಲ್ಲೇ ಇತ್ತು. ನೋವಿಲ್ಲ, ಜ್ವರವಿಲ್ಲ. ನೋವಿದ್ದಿದ್ದರೆ ಇಷ್ಟು ದಿನ ಸುಮ್ಮನಿರುತ್ತಿರಲಿಲ್ಲ. ಕಡಲೆಕಾಳಿನಷ್ಟಿದ್ದದ್ದು ಗೋಟಡಿಕೆಯಷ್ಟಾದಾಗ ನಾನು ಮರ್ಯಾದೆಯನ್ನೆಲ್ಲ ಬದಿಗಿಟ್ಟು ಮಾವನವರ ಎದುರಿಗೇ ನಿಂತು, ಡಾಕ್ಟರಿಗೆ ತೋರಿಸದಿದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅತ್ತೆಯವರು ಬಾಯಿಗೆ ಸೆರಗು ಇಟ್ಟುಕೊಂಡರು. ಮಾವನವರು ಮರುದಿನವೇ ಹೊರಟರು.

ಡಾಕ್ಟರು ಮುಂಬೈಯಲ್ಲಿ ಕಲಿತು ಬಂದ ಹಿರಿಯರು. ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದರೂ ಅವರ ಬಾಯಲ್ಲಿ ದೊಡ್ಡ ರೋಗಕ್ಕೆಲ್ಲ ಮುಂಬೈಯೇ ದಾರಿ. ಅವರು ತಮ್ಮ ಸಣ್ಣ ಆಸ್ಪತ್ರೆಯಲ್ಲೇ ಗಂಟನ್ನು ತೆಗೆದರು. ಆಮೇಲೆ ಮಾವನವರನ್ನು ಕೋಣೆಗೆ ಕರೆದರು. ನಾನು ಬಾಗಿಲ ಹಿಂದೆ ನಿಂತೆ.

"ಈ ಜಾಗದಲ್ಲಿ ಜೊಲ್ಲಿನ ಗ್ರಂಥಿ ಇದೆ," ಎಂದರು ಡಾಕ್ಟರು. "ಇಲ್ಲಿ ಏಳುವ ಗಂಟು ಒಂದೇ ಜಾತಿಯದಲ್ಲ. ಕೆಲವು ತಣ್ಣಗೆ ಇರ್ತವೆ. ಕೆಲವು ತೆಗೆದಷ್ಟೂ ಮತ್ತೆ ಬರ್ತವೆ. ಕೆಲವು ಕೆಟ್ಟವು, ಎಲ್ಲೆಲ್ಲಿ ಹೋಗಿ ಕೂರ್ತವೆ ಅಂತ ಹೇಳ್ಲಿಕ್ಕೆ ಬರೋದಿಲ್ಲ. ಬರೇ ಕಣ್ಣಲ್ಲಿ ನೋಡಿ ನಾನು ಹೇಳಲಾರೆ."

ಹೇಳುತ್ತ ತಮ್ಮ ಅಂಗೈಯನ್ನು ಕೆನ್ನೆಯ ಮೇಲೆ ಇಟ್ಟು ಐದು ಬೆರಳನ್ನೂ ಬಿಚ್ಚಿದರು. "ಮುಖ ಆಡಿಸುವ ನರ ಆ ಗ್ರಂಥಿಯ ನಡುವೆ ಹೀಗೆ ಹೋಗ್ತದೆ. ಕೆಟ್ಟ ಜಾತಿ ಆದ್ರೆ ಗ್ರಂಥಿಯ ಸಂಗಡ ನರವನ್ನೂ ಕಡೀಬೇಕು, ಆಮೇಲೆ ಮುಂಬೈಯಲ್ಲಿ ಕಿರಣದ ಕರೆಂಟು ಕೊಡಿಸಬೇಕು. ಜೀವ ಉಳಿದ್ರೂ ಆ ಕಡೆ ಕಣ್ಣು ಮುಚ್ಚೋದಿಲ್ಲ. ಬಾಯಿ ಸೊಟ್ಟಾಗ್ತದೆ."

ನನಗೆ ತಡೆಯಲಾಗಲಿಲ್ಲ. "ಒಳ್ಳೇ ಜಾತೀದ ಆದ್ರರೀ?" ಎಂದು ಬಾಗಿಲ ಹಿಂದಿನಿಂದಲೇ ಕೇಳಿದೆ.

"ಆದ್ರೆ ಸುತ್ತಲಿನದಷ್ಟೇ ತೆಗೆದು ನರ ಉಳಿಸ್ತೇನೆ ತಂಗಿ. ತೆಗೆದ ಗಂಟನ್ನು ಹುಬ್ಬಳ್ಳಿಗೆ ಕಳಿಸಿ. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳೋವರೆಗೆ ನಾನು ಮತ್ತೆ ಕತ್ತರಿ ಮುಟ್ಟೋದಿಲ್ಲ."

ಕ್ಯಾನ್ಸರ್ ಎಂಬ ಮಾತನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೊಡ್ಡ ರೋಗ ಎನ್ನುತ್ತಿದ್ದರು. ಅದು ಒಂದೇ ರೋಗ, ಬಂದವರಿಗೆಲ್ಲ ಒಂದೇ ಗತಿ ಎಂದು ನಾವು ತಿಳಿದಿದ್ದೆವು. ಅದರಲ್ಲೂ ಜಾತಿಗಳುಂಟು, ಜಾತಿಯೊಳಗೆ ದರ್ಜೆಗಳುಂಟು, ಆ ದರ್ಜೆಯ ಮೇಲೆ ನನ್ನ ಗಂಡನ ಅರ್ಧ ಮುಖ ನಿಂತಿದೆ ಎಂದು ಅವತ್ತು ತಿಳಿಯಿತು. ಪಟ್ಟಿ ಕಟ್ಟಿಕೊಂಡು ಮಲಗಿದ್ದ ಯಜಮಾನರಿಗೆ ಮಾವನವರು ಎಲ್ಲವನ್ನೂ ಹೇಳಿದರು. ಅವರು, "ಕಣ್ಣ ತೆರಕೊಂಡು ನಿದ್ದಿ ಹ್ಯಾಂಗ ಮಾಡೂದು?" ಎಂದು ಕೇಳಿದರು.

ಕಂಪೌಂಡರು ಗಂಟನ್ನು ಔಷಧದ ನೀರಿನಲ್ಲಿ ಮುಳುಗಿಸಿ, ಅಗಲ ಬಾಯಿಯ ಸೀಸೆಯಲ್ಲಿಟ್ಟು, ಬಿಗಿಯಾಗಿ ಬೂಚು ಹಾಕಿ ಮಾವನವರ ಕೈಗೆ ಕೊಟ್ಟರು. "ಬೂಚು ಮಾತ್ರ ತೆಗೀಬೇಡಿ ಮಾರಾಯ್ರೆ, ಎಂತದೇ ಆಗ್ಲಿ. ನೀರು ಆರಿದ್ರೆ ಎಲ್ಲಾ ಹಾಳು," ಎಂದರು. ಅವತ್ತು ಹುಬ್ಬಳ್ಳಿಯ ಬಸ್ಸು ಹೋಗಿಯಾಗಿತ್ತು. ಮಾವನವರು ಸೀಸೆಯನ್ನು ಮನೆಗೆ ತಂದು ಪಡಸಾಲೆಯ ಗೂಡಿನಲ್ಲಿಟ್ಟು ಅಂಗಡಿಗೆ ಹೋದರು. ಅತ್ತೆಯವರು ಅದರ ಎದುರಿಗೆ ಕೂತು ನೋಡುತ್ತಲೇ ಇದ್ದರು. ಮಧ್ಯಾಹ್ನ ಎದ್ದು, "ಊರಿಗೆ ಹೋಗಿ ಹಿರ್ಯಾರಿಗೆ ಕಾಯಿ ಒಡಿಸಿ ಬರ್ತೇನಿ, ನೀ ಆಸ್ಪತ್ರಿ ನೋಡ್ಕೊ," ಎಂದು ಕೈಚೀಲ ಹಿಡಿದು ಹೊರಟರು. ಮಗನಿಗಾಗಿ ಹರಕೆ ಎಂದುಕೊಂಡೆ.

ಸಂಜೆ ಮಾವನವರು ಬಂದು ಗೂಡಿಗೆ ಕೈಹಾಕಿದರೆ ಸೀಸೆ ಇಲ್ಲ. ಬೆಕ್ಕು ಬೀಳಿಸಿತೇ ಎಂದು ನೋಡಿದೆವು, ಕಸದವಳು ಒಯ್ದಳೇ ಎಂದು ವಿಚಾರಿಸಿದೆವು. ಕಟ್ಟಿಗೆಯ ರಾಶಿಯನ್ನೂ ಕೆದರಿದೆವು. ಮರುದಿನ ಅತ್ತೆಯವರು ಬಸ್ಸಿಳಿದು ಬಂದು, ಕಾಲು ತೊಳೆದು, ನಮ್ಮ ಗಲಾಟೆ ಕೇಳಿ ತಣ್ಣಗೆ ಹೇಳಿದರು:

"ಎಲ್ಲಿರಬೇಕೋ ಅಲ್ಲೇ ಐತಿ. ಅವನ ಅಜ್ಜನ ಮಗ್ಗಲ್ದಾಗ ಮಣ್ಣ ಕೊಟ್ಟು ಬಂದೇನಿ. ಇಬ್ಬತ್ತಿ ಹಚ್ಚಿ, ಪತ್ರಿ ಏರಿಸೇನಿ. ಏನೂ ಕಮ್ಮಿ ಮಾಡಿಲ್ಲ."

ನಮ್ಮಲ್ಲಿ ಹೆಣ ಸುಡುವುದಿಲ್ಲ. ಲಿಂಗ ಕಟ್ಟಿದ ಮೈ ವಿಭೂತಿ ಧರಿಸಿ ಮಣ್ಣಿಗೇ ಸೇರಬೇಕು. ಹುಬ್ಬಳ್ಳಿಯವರು ನೋಡಿದ ಮೇಲೆ ಮಗನ ಮೈಯ ತುಂಡನ್ನು ಗಟಾರಕ್ಕೆ ಚೆಲ್ಲುತ್ತಾರೆ ಎಂಬುದು ಅತ್ತೆಯವರ ಭಯ. ಮುಂದೊಂದು ದಿನ ಅವನು ಮಣ್ಣಿಗೆ ಹೋಗುವಾಗ ಒಂದು ತುಂಡು ಕಡಿಮೆಯಾಗಿ ಹೋಗಬಾರದು ಎಂದು ಅದಕ್ಕೆ ಮೊದಲೇ ಜಾಗ ಮಾಡಿಕೊಟ್ಟಿದ್ದರು. ತಾಯಿಯ ಲೆಕ್ಕ ಅದು, ಅದನ್ನು ಹುಚ್ಚು ಎನ್ನಬಾರದು. ಆದರೆ ನಾನು ಅಂದೆ, ಅದೂ ಬೀದಿಗೆ ಕೇಳುವ ಹಾಗೆ. ಮಾವನವರು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು. ನಾನು ಅತ್ತೆಯವರ ಕೈ ಹಿಡಿದು ಬಸ್ ನಿಲ್ದಾಣಕ್ಕೆ ನಡೆದೆ.

ಬಸ್ಸಿನಲ್ಲಿ ಅವರು ಕಿಟಕಿಯ ಆಚೆ ನೋಡಿದರು, ನಾನು ಮುಂದಿನ ಸೀಟಿನ ಬೆನ್ನು ನೋಡಿದೆ. ಸೀಸೆ ಒಡೆದಿದ್ದರೆ, ನೀರು ಚೆಲ್ಲಿದ್ದರೆ, ಆ ಗಂಟು ಯಾವ ಜಾತಿಯದೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ತಿಳಿಯದಿದ್ದರೆ ಡಾಕ್ಟರು ಕೆಟ್ಟದ್ದೇ ಎಂದು ಹಿಡಿದು ನರ ಕಡಿಯಬೇಕು, ಇಲ್ಲವೇ ಒಳ್ಳೆಯದೆಂದು ಬಿಟ್ಟು ಜೀವ ಕಳೆಯಬೇಕು.

ಗದ್ದೆಯ ಅಂಚಿನ ಬಿಲ್ವದ ಮರದ ಕೆಳಗೆ ಹಿರಿಯರ ಸಮಾಧಿಗಳು. ಅಜ್ಜನ ಸಮಾಧಿಯ ಪಕ್ಕ ಹೊಸ ಮಣ್ಣು, ಅದರ ಮೇಲೆ ಬಾಡಿದ ಪತ್ರಿ. ನಾನು ಬಗ್ಗಿದೊಡನೆ ಅತ್ತೆಯವರು ಅಡ್ಡ ಬಂದರು.

"ಮುಟ್ಟಬ್ಯಾಡ. ಕೊಟ್ಟ ಮಣ್ಣ ತಗಿಯಂಗಿಲ್ಲ. ಹಿರ್ಯಾರಿಗೆ ಒಪ್ಪಿಸೇನಿ."

"ಯಾರ್ನ ಒಪ್ಪಿಸೀರಿ ಅತ್ತಿ? ಮಣ್ಣ ಕೊಡೂದು ಸತ್ತವರಿಗೆ. ನಿಮ್ಮ ಮಗ ಆಸ್ಪತ್ರ್ಯಾಗ ಗಂಜಿ ಕುಡ್ಯಾಕ ಹತ್ಯಾರ. ಬದುಕಿದ್ದ ಮಗನ್ನ ಸತ್ತವರ ಮಗ್ಗಲ್ದಾಗ ಹುಗಿದು ಬಂದೀರಲ್ಲ, ಯಾವ ತಾಯಿ ಮಾಡ್ತಾಳ ಇಂಥಾದ್ನ?"

ಸಿಟ್ಟಿನಲ್ಲಿ ಬಂದ ಮಾತು ಅದು, ಯೋಚಿಸಿ ಆಡಿದ್ದಲ್ಲ. ಅತ್ತೆಯವರ ಮುಖ ಬಿಳಿಚಿತು. ಅವರು ಅಷ್ಟು ದೂರ ಯೋಚನೆ ಮಾಡಿರಲಿಲ್ಲ. ಆಮೇಲೆ ಅಲ್ಲೇ ಕುಕ್ಕರಿಸಿ ಎರಡೂ ಕೈಯಿಂದ ಮಣ್ಣು ತೋಡತೊಡಗಿದರು. ಗುದ್ದಲಿ ತರುತ್ತೇನೆ ಎಂದರೂ ಕೇಳಲಿಲ್ಲ. "ಬಾರೋ ನನ ಕಂದಾ, ಹೊರಗ ಬಾ, ತಪ್ಪಾತು," ಎನ್ನುತ್ತ ಉಗುರಲ್ಲೇ ಕೆರೆದರು. ನಾನೂ ಕೂತು ಕೈಜೋಡಿಸಿದೆ.

ಸೀಸೆ ಸಿಕ್ಕಿತು. ಒಡೆದಿರಲಿಲ್ಲ. ಹೊರಗೆಲ್ಲ ವಿಭೂತಿ ಬಳಿದಿತ್ತು, ಒಳಗೆ ಔಷಧದ ನೀರು ಇದ್ದಷ್ಟೇ ಇತ್ತು, ಗಂಟು ಮುಳುಗಿಯೇ ಇತ್ತು. ಬೂಚು ತೆಗೆದಿರಾ ಎಂದು ಕೇಳಿದೆ.

"ಒಳಗ ಇಬ್ಬತ್ತಿ ಹಾಕೂಣಂತ ಒಂಚೂರು ತಗದೆ," ಎಂದರು ಅತ್ತೆಯವರು. "ಕಣ್ಣಾಗ ಖಾರಪುಡಿ ಒಗದಂಗಾತು ನೋಡವಾ. ಥಟ್ಟನ ಮುಚ್ಚಿ ಹೊರಗ ಹಚ್ಚಿದೆ."

ನಾನು ನಕ್ಕೆ. ಸಮಾಧಿಗಳ ನಡುವೆ ಕೂತು, ಕೈತುಂಬ ಮಣ್ಣು ಮಾಡಿಕೊಂಡು, ನಿಲ್ಲಿಸಲಾಗದೆ ನಕ್ಕೆ. ಅತ್ತೆಯವರಿಗೂ ನಗು ಬಂತು, ಬೆನ್ನಿಗೇ ಅಳುವೂ ಬಂತು. ವಾಪಸು ಬರುವಾಗ ಸೀಸೆಯನ್ನು ನನ್ನ ಕೈಗೆ ಕೊಡಲಿಲ್ಲ. ಸೆರಗಿನಲ್ಲಿ ಸುತ್ತಿ ತಮ್ಮ ಮಡಿಲಲ್ಲೇ ಇಟ್ಟುಕೊಂಡು ಶಿರಸಿಯವರೆಗೂ ಕೂತರು.

ಹುಬ್ಬಳ್ಳಿಗೆ ಮಾವನವರು ಮತ್ತು ನಾನು ಹೋದೆವು. ಮಾವನವರು ದೊಡ್ಡ ವ್ಯಾಪಾರಸ್ಥರೇ, ಆದರೆ ಡಾಕ್ಟರ ಎದುರಿಗೆ ಹೋದರೆ ಕೇಳಬೇಕಾದ್ದನ್ನೆಲ್ಲ ಮರೆತುಬಿಡುತ್ತಿದ್ದರು. ಯಲ್ಲಾಪುರದಲ್ಲಿ ಬಸ್ಸು ನಿಂತು ಎಲ್ಲರೂ ಚಹಾ ಕುಡಿಯಲು ಇಳಿದರೂ ಮಾವನವರು ಬಟ್ಟೆ ಸುತ್ತಿದ ಸೀಸೆ ಹಿಡಿದು ಅಲ್ಲಾಡದೆ ಕೂತಿದ್ದರು. ಕಂಡಕ್ಟರು ಬಗ್ಗಿ ನೋಡಿ, "ಜೇನುತುಪ್ಪ ಏನ್ರಿ ಯಜಮಾನ್ರ? ಚಲೋದೈತೇನು?" ಎಂದ. ಮಾವನವರು ಹೂಂ ಎಂದರು. ಅಲ್ಲಿಂದ ಹುಬ್ಬಳ್ಳಿಯ ತನಕ ಕಂಡಕ್ಟರು ತನಗೂ ಒಂದು ಸೀಸೆ ಬೇಕೆಂದು ಬೆನ್ನು ಹತ್ತಿದ. ಮುಂದಿನ ಸಲ ತಂದುಕೊಡುತ್ತೇನೆ ಎಂದು ಮಾವನವರು ಒಪ್ಪಿಕೊಂಡೂ ಆಯಿತು.

ಪರೀಕ್ಷೆ ಮಾಡುವವರು ಒಬ್ಬ ಹೆಂಗಸು ಎಂದು ತಿಳಿದಾಗ ಮಾವನವರ ಮುಖ ಸಣ್ಣಗಾಯಿತು, ನನ್ನದು ಅರಳಿತು. ನನ್ನ ಅಕ್ಕನ ವಯಸ್ಸಿನವರು, ಬಿಳಿ ಕೋಟು, ಚುಟುಕು ಮಾತು. ಸೀಸೆಯನ್ನು ಬೆಳಕಿಗೆ ಹಿಡಿದು, ಮೂಲೆಯಲ್ಲಿ ಉಳಿದಿದ್ದ ವಿಭೂತಿಯನ್ನು ಬೆರಳಲ್ಲಿ ಒರೆಸಿ, ಇದೇನು ಎಂದು ಕೇಳಿದರು. ಮಾವನವರು ಸುಣ್ಣ ತಾಗಿದೆ ಎಂದರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕುರ್ಚಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಕೆಲವರು ಬೆಂಕಿಪೊಟ್ಟಣದಲ್ಲಿ ಹಾಕಿ ತರ್ತಾರೆ, ಒಣಗಿ ಹೋಗಿರ್ತದೆ. ಇನ್ನು ಕೆಲವರು ಬಾವಿ ನೀರಲ್ಲಿ ತರ್ತಾರೆ, ಕೊಳೆತಿರ್ತದೆ. ಹೂತಿಟ್ಟರೂ ನೀವು ತಂದದ್ದು ಕೆಟ್ಟಿಲ್ಲ."

ಹುಬ್ಬಳ್ಳಿಯಲ್ಲಿ ನೆಂಟರ ಮನೆಯಲ್ಲಿ ಉಳಿದು ದಿನವೂ ಹೋಗಿ ಕೇಳುತ್ತಿದ್ದೆವು. ಗಂಟನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಬೇಕಂತೆ. ಕೊನೆಗೆ ಒಂದು ದಿನ ಇವತ್ತು ಹೇಳುತ್ತೇನೆ ಎಂದಿದ್ದ ಡಾಕ್ಟರಮ್ಮ, ನಾವು ಹೋದರೆ ದಪ್ಪ ಪುಸ್ತಕ ತೆರೆದು ಕೂತಿದ್ದರು. ಇದು ಅಪರೂಪದ ಜಾತಿ, ಅವಸರ ಮಾಡಬೇಡಿ ಎಂದರು.

"ಒಂದು ಚೂರಿನಲ್ಲಿ ನೋಡಿದ್ರೆ ಸಾಧು ಕಾಣ್ತದೆ. ಆದರೆ ಇದೇ ಗಂಟಿನ ಬೇರೆ ಮೂಲೆಯಲ್ಲಿ ಕೆಟ್ಟ ಜೀವಕೋಶಗಳು ಅಡಗಿರಬಹುದು. ಎಲ್ಲ ಕಡೆಯಿಂದಲೂ ಕೊಯ್ದು ನೋಡಬೇಕು. ದರ್ಜೆ ಕೊಡೋದು ಅದರ ಅತಿ ಕೆಟ್ಟ ಮೂಲೆ ನೋಡಿ, ಚಂದದ ಮೂಲೆ ನೋಡಿ ಅಲ್ಲ."

ಮಾವನವರು ಮೊದಲ ಬಾರಿಗೆ ತಲೆ ಎತ್ತಿದರು. "ಬರೋಬರಿ ಐತ್ರಿ," ಎಂದರು. "ಚೀಲದ ಬಾಯಾಗ ಚಲೋ ಅಡಿಕಿನ ಇರತಾವ್ರಿ. ತಳಕ್ಕ ಕೈ ಹಾಕಿ ನೋಡದ ನಾವೂ ದರ ಹೇಳಂಗಿಲ್ಲ. ಎಷ್ಟ ದಿನ ಬೇಕಾದ್ರೂ ನೋಡ್ರಿ." ಅವತ್ತಿನಿಂದ ಅವರಿಗೆ ಆ ಹೆಂಗಸಿನ ಮೇಲೆ ನಂಬಿಕೆ ಕೂತಿತು. ನನಗೆ ಮಾತ್ರ ಊಟ ಸೇರಲಿಲ್ಲ. ತಳದಲ್ಲಿ ಏನಿದೆಯೋ ಎಂಬ ಯೋಚನೆಯಲ್ಲೇ ನೆಂಟರ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿ ತಿಕ್ಕಿ ಸವೆಸಿದೆ.

ಮತ್ತೆ ಕರೆದಾಗ ಅವರು ನನ್ನನ್ನೇ ಸೂಕ್ಷ್ಮದರ್ಶಕದ ಎದುರಿಗೆ ಕೂರಿಸಿದರು. ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಗುಲಾಬಿ ಮತ್ತು ನೇರಳೆ ಬಣ್ಣ, ನಡುನಡುವೆ ಉಬ್ಬಿದ ತಿಳಿ ಗುಳ್ಳೆಗಳು. ಚಂದ ಇತ್ತು. ಗಂಡನ ರೋಗವನ್ನು ಚಂದ ಎಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು.

"ಆ ತಿಳಿ ಗುಳ್ಳೆಗಳು ಲೋಳೆ ಮಾಡುವ ಕೋಶಗಳು," ಎಂದರು ಅವರು. "ಪಕ್ಕದಲ್ಲಿ ಚಪ್ಪಟೆ ಇರೋದು ಚರ್ಮದಂಥ ಕೋಶಗಳು. ಎರಡೂ ಕಲೆತ ಜಾತಿ ಇದು. ಇದು ಕ್ಯಾನ್ಸರೇ, ಅಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಲೋಳೆಯ ಕೋಶ ಹೆಚ್ಚಿದ್ದು, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಶಿಸ್ತಾಗಿ ಇದ್ದರೆ ಇದು ಮೆಲ್ಲಗೆ ಬೆಳೆಯುವಂಥದ್ದು. ಇದರಲ್ಲಿ ಯಾವ ಮೂಲೆ ನೋಡಿದರೂ ಹಾಗೇ ಇದೆ. ಒಂದನೇ ದರ್ಜೆ."

ಮಾವನವರು ಗೋಡೆ ಹಿಡಿದುಕೊಂಡರು. "ಒಂದನೇ ನಂಬರ ಅಂದ್ರ ಅಸಲಿ ಮಾಲ ಅಲ್ಲೇನ್ರಿ ಅವ್ವಾರ?"

"ನಿಮ್ಮ ಪೇಟೆಯಲ್ಲಿ ಹಾಗಿರಬಹುದು. ನಮ್ಮಲ್ಲಿ ಒಂದು ಅಂದ್ರೆ ಕಡಿಮೆ ಕೆಟ್ಟದ್ದು. ಉಳಿದದ್ದನ್ನು ತೆಗೆದರೆ ಸಾಕು, ನರ ಕಡಿಯುವ ಕಾರಣವಿಲ್ಲ ಅಂತ ನಿಮ್ಮ ಡಾಕ್ಟರಿಗೆ ಬರೀತೇನೆ."

ನರ ಕಡಿಯುವ ಕಾರಣವಿಲ್ಲ ಎಂಬ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಆ ಜಾತಿಯ ಹೆಸರನ್ನೂ ಹೇಳಿದರು, ರೈಲಿನಷ್ಟು ಉದ್ದ ಇತ್ತು, ನನ್ನ ನಾಲಿಗೆಗೆ ಇವತ್ತಿಗೂ ದಕ್ಕಿಲ್ಲ. ಹೊರಗೆ ಬಂದ ಮೇಲೆ ಮಾವನವರು ಎರಡು ಸೇರು ಪೇಡೆ ಕಟ್ಟಿಸಿದರು. ಕ್ಯಾನ್ಸರ್ ಎಂದು ತಿಳಿದು ಪೇಡೆ ಹಂಚಿದವರು ಶಿರಸಿಯಲ್ಲಿ ನಾವೇ ಮೊದಲಿಗರಿರಬೇಕು.

ಎರಡನೆಯ ಸಲ ಶಿರಸಿಯ ಡಾಕ್ಟರು ಬಹಳ ಹೊತ್ತು ಕೆಲಸ ಮಾಡಿದರು. ನರದ ಎಲ್ಲ ಕವಲುಗಳನ್ನೂ ಬಿಡಿಸಿ ಉಳಿಸಿದ್ದೇನೆ ಎಂದರು. ನಾವು ಹಿಗ್ಗಿದೆವು. ಆದರೆ ಪಟ್ಟಿ ಬಿಚ್ಚಿದಾಗ ಯಜಮಾನರ ಬಾಯಿ ಬಲಕ್ಕೆ ಎಳೆದಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಅತ್ತೆಯವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ನರವನ್ನು ಮುಟ್ಟಿ ಎಳೆದಾಡಿದ್ದೇನೆ, ಅದಕ್ಕೆ ಸಿಟ್ಟು ಬಂದಿದೆ, ಇಳಿಯಲು ತಿಂಗಳುಗಟ್ಟಲೆ ಹಿಡಿಯಬಹುದು ಎಂದರು ಡಾಕ್ಟರು. ಇಳಿಯದೆಯೂ ಇರಬಹುದೇ ಎಂದು ನಾನು ಕೇಳಿದೆ. ಅವರು ನನ್ನನ್ನು ನೋಡಿ, ಕಾಯಬೇಕು ಎಂದಷ್ಟೇ ಹೇಳಿದರು.

ಮನೆಗೆ ಬಂದ ಮೇಲೆ ಗಂಡನ ಮುಖ ನೋಡುವುದೇ ನನ್ನ ಕೆಲಸವಾಯಿತು. ಈಗ ಯಾರೂ ಹೆಸರಿಡಲಿಲ್ಲ. ಗಂಜಿ ಕುಡಿಸಿದರೆ ಎಡಗಡೆಯಿಂದ ಸೋರುತ್ತಿತ್ತು. ಅಂಗಡಿಗೆ ಹೋಗಲು ಅವರು ಒಪ್ಪಲಿಲ್ಲ, ಕನ್ನಡಿ ತಿರುಗಿಸಿಟ್ಟರು. ಮಲಗುವಾಗ ನಾನು ಮೆತ್ತನೆಯ ಬಟ್ಟೆಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಹಿಂಡಿ ಆ ಕಣ್ಣಿನ ಮೇಲೆ ಹಾಕುತ್ತಿದ್ದೆ. ಒಣಗಿದರೆ ಮತ್ತೆ ಹಿಂಡಿ ಹಾಕುತ್ತಿದ್ದೆ. ನಾನು ಹಾಕುವುದು ತಪ್ಪಿದರೆ ಅತ್ತೆಯವರು ಹಾಕುತ್ತಿದ್ದರು. ಹಬ್ಬಗಳು ಬಂದವು, ಹೋದವು. ಹುಬ್ಬಳ್ಳಿಯ ಡಾಕ್ಟರಮ್ಮ ಹೇಳಿದ್ದು ಸುಳ್ಳಾಗಲಾರದು ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಕೆಲವು ದಿನ ಅದನ್ನು ನಂಬುತ್ತಿದ್ದೆ, ಕೆಲವು ದಿನ ನಂಬುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರು ಉಂಡು ಪಡಸಾಲೆಯಲ್ಲಿ ಅಡ್ಡಾಗಿದ್ದರು. ಒಳಗೆ ಪಾತ್ರೆ ಎತ್ತಿಡುವುದರಲ್ಲಿ ನನಗೆ ತಡವಾಯಿತು. ಬಟ್ಟೆ ಹಿಂಡಿಕೊಂಡು ಓಡಿ ಬಂದು ಬಗ್ಗಿದೆ. ಅವರು ನಿದ್ದೆ ಹೋಗಿದ್ದರು. ಎರಡೂ ರೆಪ್ಪೆ ಕೂಡಿದ್ದವು. ಬೆಳಕಿಗೆ ಹೀಗಾಗಿ ಕಾಣುತ್ತಿದೆಯೇ ಎಂದು ಈ ಕಡೆಯಿಂದ ನೋಡಿದೆ, ಆ ಕಡೆಯಿಂದ ನೋಡಿದೆ. ಎಡಗಣ್ಣು ಬಲಗಣ್ಣಿನ ಹಾಗೆಯೇ ಮುಚ್ಚಿತ್ತು.

ಹಿತ್ತಲಿಗೆ ಹೋಗಿ ಅತ್ತೆಯವರ ಕೈ ಹಿಡಿದು ಎಳೆದು ತಂದೆ. ಅವರು ಮಗನನ್ನು ನೋಡಿದರು, ನನ್ನನ್ನು ನೋಡಿದರು. ಎಬ್ಬಿಸೋಣವೇ ಎಂದು ಸನ್ನೆಯಲ್ಲಿ ಕೇಳಿದೆ.

"ಬ್ಯಾಡವಾ," ಎಂದು ಪಿಸುಗುಟ್ಟಿದರು ಅತ್ತೆಯವರು. "ಕಣ್ಮುಚ್ಚಿ ಮಲಗ್ಯಾನ. ಮಲಗ್ಲಿ."

ನಾವಿಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು. ಹಿಂಡಿದ ಬಟ್ಟೆ ನನ್ನ ಕೈಯಲ್ಲೇ ಇತ್ತು. ಅದರಲ್ಲಿ ನನ್ನ ಮುಖ ಒರೆಸಿಕೊಂಡು ಅತ್ತೆಯವರಿಗೆ ಕೊಟ್ಟೆ.